ತೋಳಿನ ಪಟ್ಟಿಯಿಂದ ಹೂವಿನಹೆಡಗಿ ಸೇತುವೆವರೆಗೆ

ಗುಂಜಹಳ್ಳಿಯ ಅಜ್ಜಿಯೊಬ್ಬರ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿದರೆ ಯಂತ್ರ 120 ತೋರಿಸುತ್ತದೆ ಎನ್ನಿ. ‘ಬರೋಬ್ಬರಿ ಅದ’ ಎಂದು ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಾರೆ. ಆ 120 ಅಂದರೆ ಪಾದರಸದ 120 ಮಿಲಿಮೀಟರ್. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಅಷ್ಟೇ ಒತ್ತಡ ನೀರಿನ ಮೇಲೆ ಬಿದ್ದರೆ ನಳಿಗೆಯಲ್ಲಿ ನೀರು 163 ಸೆಂಟಿಮೀಟರ್ ಏರುತ್ತದೆ, ಅಂದರೆ 5 ಅಡಿ 4 ಅಂಗುಲ. ಅಜ್ಜಿಯ ನೆತ್ತಿಯನ್ನೇ ದಾಟಬಹುದು! ಬಿಪಿ 180 ಆಯಿತೋ, ನೀರು 8 ಅಡಿ.

ಇಷ್ಟು ಒತ್ತುವ ಹೃದಯದ ತೂಕ ಸುಮಾರು 300 ಗ್ರಾಂ. ಒಂದು ಬಡಿತಕ್ಕೆ 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ, ಅಲ್ಲಿಗೆ 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಅದನ್ನೇ ಸುತ್ತಿಸಿ ಸುತ್ತಿಸಿ ದಿನಕ್ಕೆ 7,200 ಲೀಟರ್ ದಬ್ಬುತ್ತದೆ. ಬೇಸಿಗೆಯಲ್ಲಿ ಊರಿಗೆ ಬರುವ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಸುಮಾರು ಒಂದೂವರೆ ಟ್ಯಾಂಕರ್, ಒಬ್ಬೊಬ್ಬರ ಎದೆಯಲ್ಲೂ. 70 ವರ್ಷದ ಬಡಿತ ಕೂಡಿಸಿದರೆ 265 ಕೋಟಿ ಮೀರುತ್ತದೆ, ಒಂದು ದಿನದ ರಜೆಯೂ ಇಲ್ಲದೆ.

ರಕ್ತ ಹರಿಯುವ ದಾರಿ ಎಷ್ಟುದ್ದ? 1 ಲಕ್ಷ ಕಿಲೋಮೀಟರ್ ಎಂದು ಪುಸ್ತಕಗಳು ಹೇಳುತ್ತ ಬಂದಿವೆ. ಈ ಅಂಕಿಯ ಮೂಲ 1920ರಲ್ಲಿ ನೊಬೆಲ್ ಪಡೆದ ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್. ಆದರೆ ಅವರು ಲೆಕ್ಕ ಹಾಕಿದ್ದು ಬರೀ ಸ್ನಾಯುವೇ 50 ಕೆ.ಜಿ. ಇರುವ ಆಸಾಮಿಗೆ. ಅಂಥ ಭೀಮ ನಮ್ಮ ಓಣಿಯಲ್ಲಂತೂ ಇಲ್ಲ. ಈಚಿನ ಅಂದಾಜು 9,000ದಿಂದ 19,000 ಕಿಲೋಮೀಟರ್. ಬೇಸರ ಬೇಡ, ಕನಿಷ್ಠ 9,000 ಹಿಡಿದರೂ ರಾಯಚೂರಿನಿಂದ ಬೆಂಗಳೂರಿಗೆ ಹತ್ತು ಸಲ ಹೋಗಿಬಂದು ಇನ್ನೂ ದಾರಿ ಉಳಿಯುತ್ತದೆ.

ಈಗ ಜಿಲ್ಲೆಯನ್ನೇ ಕೂಡಿಸೋಣ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ 19.28 ಲಕ್ಷ ಜನ. ತಲೆಗೆ ನಿಮಿಷಕ್ಕೆ 5 ಲೀಟರ್ ಅಂದರೆ 5,600 ಕ್ಯುಸೆಕ್! ಮಾನ್ವಿ, ಸಿಂಧನೂರಿನ ಭತ್ತದ ಗದ್ದೆಗಳನ್ನು ಸಾಕುವ, 227 ಕಿಲೋಮೀಟರ್ ಉದ್ದದ ತುಂಗಭದ್ರಾ ಎಡದಂಡೆ ನಾಲೆ ತುಂಬಿ ಹರಿದರೂ 4,100 ಕ್ಯುಸೆಕ್. ಮಕ್ಕಳೂ ಇದ್ದಾರೆ ಎಂದು ಕಾಲು ಭಾಗ ಸೋಡಿ ಬಿಟ್ಟರೂ ನಾಲೆಯೇ ಸೋಲುತ್ತದೆ. ನಾಲೆಯ ನೀರಿಗೆ ಕಾಯುವ ಕೊನೆ ಭಾಗದ ರೈತರು ಕೇಳಿಸಿಕೊಳ್ಳದಿದ್ದರೆ ಒಳ್ಳೆಯದು.

ಅದೇ 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಈ ಸಲ ಸೋಡಿ ಬೇಡ, ಎಲ್ಲರೂ ದೊಡ್ಡವರೆಂದೇ ಹಿಡಿಯಿರಿ: 1.8 ಲಕ್ಷ ಕ್ಯುಸೆಕ್. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ಇಷ್ಟು ಬಿಟ್ಟರೆ ಮುಳುಗೀತೋ ಏನೋ ಎಂದು ದೇವದುರ್ಗದವರ ಕಣ್ಣೆಲ್ಲ ಹೂವಿನಹೆಡಗಿ ಸೇತುವೆಯ ಮೇಲೆ. ಅಂಥ ಪ್ರವಾಹ ರಾಜ್ಯದ ಜನರ ಮೈಯೊಳಗೆ ವರ್ಷವಿಡೀ, ಸದ್ದಿಲ್ಲದೆ!

ವಿಶ್ರಾಂತಿಯಲ್ಲಿರುವ ಹೃದಯ ರಕ್ತವನ್ನು ದಬ್ಬಲು ಹಾಕುವ ಶಕ್ತಿ 1.2 ವಾಟ್‌ನಷ್ಟು. ಮಲಗುವ ಕೋಣೆಯ ದೀಪಕ್ಕೂ ಸಾಲದು. ಭಾರತದ 140 ಕೋಟಿ ಹೃದಯ ಸೇರಿದರೆ? 1,680 ಮೆಗಾವಾಟ್. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಎಂಟೂ ಘಟಕ ಒಟ್ಟಿಗೆ ಉರಿದರೆ ಸಿಗುವುದು 1,720.

ದೇಶ ಬಿಟ್ಟು ಒಂದೇ ಮೈಗೆ ಮರಳಿದರೆ ಅಂಕಿ ಇಳಿಯಬೇಕಲ್ಲವೇ? ಏರುತ್ತದೆ. ಒಬ್ಬರ ಕೆಂಪು ರಕ್ತಕಣ 25 ಲಕ್ಷ ಕೋಟಿ. ಒಂದೊಂದರ ಅಗಲ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಏಳೂವರೆ ಪಾಲು. ಸಾಲಾಗಿ ಜೋಡಿಸಿದರೆ 1,87,500 ಕಿಲೋಮೀಟರ್: ಭೂಮಿಗೆ ನಾಲ್ಕೂವರೆ ಸುತ್ತು ಹಾಕಿಯೂ ಮಿಗುತ್ತದೆ. ಇಬ್ಬರ ಕಣಗಳನ್ನು ಕೂಡಿಸಿದರೆ ಹತ್ತಿರ ಹತ್ತಿರ ಚಂದ್ರನೇ ಸಿಕ್ಕಿಬಿಡುತ್ತಾನೆ. ಈ ಕಣಗಳ ಆಯುಸ್ಸು ನಾಲ್ಕೇ ತಿಂಗಳು, ಹಾಗಾಗಿ ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣ ಹೆರುತ್ತಲೇ ಇರಬೇಕು. 2011ರ ಗಣತಿಯ ಇಡೀ ರಾಯಚೂರು ಜಿಲ್ಲೆಯ ಜನಸಂಖ್ಯೆಗಿಂತ ಹೆಚ್ಚು, ಒಂದೊಂದು ಸೆಕೆಂಡಿಗೂ!