ಉಪವಾಸಕ್ಕೆ ತುರಿಕೆ ಬಗ್ಗೀತೆ?

ಸೋಮೇಶ್ವರನ ಗುಡಿ, ಶಂಖ ಬಸದಿ, ಜುಮ್ಮಾ ಮಸೀದಿ ಮೂರನ್ನೂ ಒಡಲಲ್ಲಿಟ್ಟುಕೊಂಡ ಲಕ್ಷ್ಮೇಶ್ವರಕ್ಕೆ ಉಪವಾಸ ಹೊಸದಲ್ಲ. ಶಿವರಾತ್ರಿ, ದಶಲಕ್ಷಣ ಪರ್ವ, ರಮಜಾನ್ ರೋಜಾ ಎಂದು ಹಸಿವನ್ನು ವ್ರತವಾಗಿ ಬಲ್ಲ ಊರಿನಲ್ಲಿ ಅದೇ ಹಸಿವು ಔಷಧಿಯಾಗಿಯೂ ಕಾಣುವುದು ಸಹಜ. ‘ಲಂಘನಂ ಪರಮೌಷಧಂ’ ಎಂಬ ಮಾತಂತೂ ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಮುಲಾಮು ಹಚ್ಚಿ, ಮಾತ್ರೆ ನುಂಗಿ ಸಾಕಾದವರಿಗೆ, ತಿಂಗಳುಗಟ್ಟಲೆ ಬಿಡದ ತುರಿಕೆಗೆ ನಾಲ್ಕು ದಿನ ಹೊಟ್ಟೆ ಕಟ್ಟಿ ನೋಡೋಣ ಅನ್ನಿಸುತ್ತದೆ. ಈ ಯೋಚನೆ ಪೂರ್ತಿ ಹುರುಳಿಲ್ಲದ್ದಲ್ಲ. ಆದರೆ ತುರಿಕೆ ತಾನೇ ಒಂದು ರೋಗವಲ್ಲ, ಹತ್ತಾರು ರೋಗಗಳ ಲಕ್ಷಣ. ಮೂಲ ತಿಳಿಯುವ ಮೊದಲೇ ಕೈಗೊಂಡ ಉಪವಾಸ ಕೆಲವರಿಗೆ ವ್ಯರ್ಥ, ಕೆಲವರಿಗೆ ಅಪಾಯ.

ಆರು ವಾರ ಮೀರಿದ ತುರಿಕೆಯನ್ನು ವೈದ್ಯರು ದೀರ್ಘಕಾಲದ್ದೆಂದು ಪರಿಗಣಿಸುತ್ತಾರೆ. ಗಂಧೆ, ಇಸುಬು, ಕಜ್ಜಿಯಾದರೆ ಗುರುತು ಮೈಮೇಲೇ ಕಾಣುತ್ತದೆ. ಚರ್ಮ ನಿರ್ಮಲವಾಗಿದ್ದೂ ಮೈಯೆಲ್ಲ ತುರಿಸುತ್ತಿದ್ದರೆ ಪಿತ್ತಜನಕಾಂಗ, ಮೂತ್ರಪಿಂಡ, ಥೈರಾಯ್ಡ್ ಅಥವಾ ರಕ್ತದ ಕಡೆ ನೋಡಬೇಕಾಗುತ್ತದೆ. ಪಿತ್ತರಸದ ಹರಿವಿಗೆ ತಡೆಯಾದಾಗ ಕೆಲವು ವಸ್ತುಗಳು ರಕ್ತದಲ್ಲಿ ಸೇರಿಕೊಂಡು ನರಗಳನ್ನು ಕೆರಳಿಸುತ್ತವೆ. ಈ ತುರಿಕೆಗೆ ಕೊಡುವ ಕೊಲೆಸ್ಟಿರಮಿನ್ ಪುಡಿಯನ್ನು ಬೆಳಗಿನ ಉಪಾಹಾರದ ಹಿಂದೆ ಮುಂದೆ ತೆಗೆದುಕೊಳ್ಳಲು ಹೇಳುವುದಕ್ಕೆ ಕಾರಣವಿದೆ: ರಾತ್ರಿಯೆಲ್ಲ ಹೊಟ್ಟೆ ಖಾಲಿ ಇದ್ದಾಗ ಪಿತ್ತಕೋಶದಲ್ಲಿ ತುಂಬಿಕೊಂಡ ಪಿತ್ತ, ಉಂಡಾಗ ಕರುಳಿಗೆ ಇಳಿಯುತ್ತದೆ, ಪುಡಿ ಅದನ್ನು ಅಲ್ಲೇ ಹಿಡಿದು ಮಲದ ಜೊತೆ ಹೊರಗೆ ಹಾಕುತ್ತದೆ. ಊಟವನ್ನೇ ಬಿಟ್ಟರೆ ಪಿತ್ತ ಅಷ್ಟಾಗಿ ಇಳಿಯುವುದಿಲ್ಲ. ದಿನಗಟ್ಟಲೆ ನಿಂತರೆ ಗಟ್ಟಿಯಾಗಿ ಹರಳಾಗುವ ಸಂಭವವಿದೆ. ಮೂತ್ರಪಿಂಡ ಸೋತವರ ತುರಿಕೆಯಲ್ಲಿ ನರಗಳ ಪಾತ್ರ ದೊಡ್ಡದು. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಡೈಫೆಲಿಕೆಫಾಲಿನ್ ಎಂಬ ಔಷಧಿ ನರಗಳ ಮೇಲಿನ ಗ್ರಾಹಿಗಳ ಮೂಲಕವೇ ಕೆಲಸ ಮಾಡುತ್ತದೆ. ಅಂಥ ತುರಿಕೆ ಹೊಟ್ಟೆ ಖಾಲಿ ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ.

ಹಾಗಾದರೆ ಉಪವಾಸದಿಂದ ಹಗುರಾಯಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. 1983ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಸಂಧಿವಾತ ಮತ್ತು ಚರ್ಮರೋಗಗಳಿದ್ದ 20 ಜನರನ್ನು ಆಸ್ಪತ್ರೆಯಲ್ಲಿಟ್ಟು ಎರಡು ವಾರ ಉಪವಾಸ, ಬಳಿಕ ಮೂರು ವಾರ ಹಾಲು ಮೊಟ್ಟೆಗಳೂ ಇಲ್ಲದ ಸಸ್ಯಾಹಾರ ಕೊಟ್ಟರು. ಉಪವಾಸದಲ್ಲಿ ಇಸುಬಿನಂಥ ಕೆಲವು ಚರ್ಮರೋಗಗಳು ಸುಧಾರಿಸಿದವು. ಆದರೆ ಊಟ ಶುರುವಾದ ಮೇಲೆ ಹೆಚ್ಚಿನವರಲ್ಲಿ ತೊಂದರೆ ಮರಳಿತು. ಹಸಿದ ದೇಹದಲ್ಲಿ ಕಾರ್ಟಿಸಾಲ್ ಏರುತ್ತದೆ, ಉರಿಯೂತ ತುಸು ತಗ್ಗುತ್ತದೆ. ಆ ನೆಮ್ಮದಿ ನಿಜ, ಆದರೆ ಅದಕ್ಕೆ ಆಯಸ್ಸು ಕಡಿಮೆ. ಉಪವಾಸದ ಪರವಾಗಿ ಇತ್ತೀಚೆಗೆ ವಿಜ್ಞಾನಿ ಯೊಶಿನೊರಿ ಒಸುಮಿ ಅವರ 2016ರ ನೊಬೆಲ್ ಬಹುಮಾನದ ಮಾತೂ ಬರುತ್ತದೆ. ಹಸಿದ ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಕರಗಿಸಿ ಬಳಸಿಕೊಳ್ಳುವ ಬಗೆಯನ್ನು ಅವರು ಯೀಸ್ಟಿನಲ್ಲಿ ಬಿಡಿಸಿ ತೋರಿಸಿದರು. ಮನುಷ್ಯರ ತುರಿಕೆಗೆ ಉಪವಾಸ ಮದ್ದೆಂದು ಆ ಕೆಲಸ ಹೇಳುವುದಿಲ್ಲ.

ತಿನ್ನುವುದರಲ್ಲಿ ಯಾವುದೋ ಮೈಗೆ ಒಗ್ಗದಿದ್ದರೆ ಉಪವಾಸದಲ್ಲಿ ತಿಳಿಯುತ್ತದಲ್ಲ ಎಂಬ ವಾದ ಉಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಒಗ್ಗದ್ದು ಯಾವುದೆಂದು ಗೊತ್ತಾಗುವುದಿಲ್ಲ. ಅನುಮಾನದ ಒಂದು ಪದಾರ್ಥ ಬಿಟ್ಟು ನೋಡಿ, ವೈದ್ಯರ ಸಲಹೆಯಂತೆ ಮತ್ತೆ ತಿಂದು ನೋಡುವುದೇ ಸರಿಯಾದ ಪರೀಕ್ಷೆ. ಇನ್ನು ಗಂಧೆ, ಇಸುಬುಗಳು ತಾವಾಗಿಯೇ ಏರಿ ಇಳಿಯುವಂಥವು; ಸಹಿಸಲಾರದಷ್ಟು ಏರಿದಾಗ ಉಪವಾಸ ಹಿಡಿದರೆ, ತಾನಾಗಿ ಇಳಿದದ್ದರ ಕೀರ್ತಿ ಉಪವಾಸಕ್ಕೆ ಸಲ್ಲುತ್ತದೆ. ಮಾಡಿದರೆ ನಷ್ಟವೇನು ಎನ್ನುವವರಿಗೆ ಉತ್ತರ ನೇರವಾಗಿದೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ದಿಢೀರ್ ಕುಸಿಯಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಹಳ ಹೊತ್ತು ಹಸಿದಿದ್ದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಕಬ್ಬಿಣದ ಕೊರತೆಯಿಂದ ತುರಿಕೆ ಬಂದವರಿಗೆ ಕೊರತೆ ಇನ್ನಷ್ಟು ಹೆಚ್ಚಬಹುದು. ಗರ್ಭಿಣಿಯ ಅಂಗೈ, ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಅದು ಪಿತ್ತದ ತೊಂದರೆಯಿರಬಹುದು. ಅಲ್ಲಿ ಒಂದು ವಾರದ ತಡವೂ ಮಗುವಿಗೆ ಕೇಡಾಗಬಹುದು.

ಆರೋಗ್ಯವಂತರು ವ್ರತದ ಉಪವಾಸವನ್ನು ಬಿಡಬೇಕಿಲ್ಲ. ಅವರಿಗೆ ಒಂದು ದಿನದ ಉಪವಾಸ ಹೊರೆಯಲ್ಲ. ಆದರೆ ಆರು ವಾರ ದಾಟಿದ ತುರಿಕೆಗೆ ಮೊದಲ ಹೆಜ್ಜೆ ರಕ್ತದ ಎಣಿಕೆ, ಲಿವರ್, ಕ್ರಿಯೇಟಿನಿನ್, ಸಕ್ಕರೆ, ಥೈರಾಯ್ಡ್ ಪರೀಕ್ಷೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಗತ್ಯ ಬಿದ್ದರೆ ಗದಗಿನ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವೈದ್ಯರಿಗೆ ತೋರಿಸಿ. ಕಾಮಾಲೆ, ತೂಕ ಇಳಿಕೆ, ಜ್ವರ ಜೊತೆಗಿದ್ದರೆ ಒಂದು ದಿನವೂ ಕಾಯಬೇಡಿ. ಕಾರಣ ತಿಳಿದ ಮೇಲೂ ಉಪವಾಸ ಮಾಡುವ ಮನಸ್ಸಿದ್ದರೆ ವೈದ್ಯರನ್ನು ಕೇಳಿಯೇ ಮಾಡಿ, ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.