ವಸಂತದ ಹಿಮ ಏಕೆ ಭಾರ?

ಡೆನ್ವರ್‌ಗೆ ಬಂದ ಹೊಸದರಲ್ಲಿ, ಯುಗಾದಿ ಬಂತೆಂದರೆ ಚಳಿಗಾಲ ಮುಗಿಯಿತು ಎಂದೇ ನಂಬಿದ್ದೆ. ಆದರೆ ಇಲ್ಲಿನ ದೀರ್ಘಕಾಲದ ಸರಾಸರಿಯಲ್ಲಿ ಅತಿ ಹೆಚ್ಚು ಹಿಮ ಬೀಳುವ ತಿಂಗಳು ಜನವರಿಯಲ್ಲ, ಮಾರ್ಚ್. 2003ರ ಮಾರ್ಚ್ ನಡುವಿನ ಒಂದೇ ಬಿರುಗಾಳಿಯಲ್ಲಿ ನಗರದಲ್ಲಿ ಸುಮಾರು 80 ಸೆಂಟಿಮೀಟರ್ ಹಿಮ ಬಿದ್ದಿತ್ತು.

ಕಾರಣ ಸರಳ. ವಸಂತದಲ್ಲಿ ಕೊಲೊರಾಡೊದ ಆಗ್ನೇಯ ಭಾಗದಲ್ಲಿ ಆಗಾಗ ವಾಯುಭಾರ ಕುಸಿಯುತ್ತದೆ. ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತ, ಮೆಕ್ಸಿಕೊ ಕೊಲ್ಲಿಯ ತೇವವನ್ನು ಪೂರ್ವದ ಬಯಲಿನಿಂದ ರಾಕಿ ಪರ್ವತಗಳತ್ತ ತಳ್ಳುತ್ತದೆ. ಡೆನ್ವರ್ 1,600 ಮೀಟರ್ ಎತ್ತರದಲ್ಲಿದ್ದರೆ, ಪಶ್ಚಿಮದ ಶಿಖರಗಳು 4,000 ಮೀಟರ್ ದಾಟುತ್ತವೆ. ಮೇಲೇರುವ ಗಾಳಿ ಹಿಗ್ಗಿ ತಣ್ಣಗಾಗುತ್ತದೆ; ತೇವ ಕೆಳಗಿಳಿಯುತ್ತದೆ. ಪಶ್ಚಿಮ ಘಟ್ಟ ಏರುವ ಮುಂಗಾರು ಆಗುಂಬೆಯಲ್ಲಿ ಮಳೆ ಸುರಿಸುವುದೂ ಹೀಗೆಯೇ. ಇಲ್ಲಿ ಮಾತ್ರ ಬೆಟ್ಟದಲ್ಲಿ ಹಿಮ, ಬಯಲಿನಲ್ಲಿ ಮಳೆ. ಬೀಳುವ ಹಿಮ ಕರಗಲು ಗಾಳಿಯ ಶಾಖವನ್ನೇ ಹೀರುವುದರಿಂದ, ಉತ್ತರದ ತಂಪು ಗಾಳಿಯೂ ಸೇರಿದರೆ, ಬೆಳಗಿನ ಮಳೆ ಸಂಜೆಗೆ ಬಯಲಿನಲ್ಲೂ ಹಿಮವಾಗುತ್ತದೆ. ಮೋಡ ಸರಿದ ರಾತ್ರಿ ಎಲ್ಲವೂ ಹೆಪ್ಪುಗಟ್ಟುತ್ತದೆ. ಉಷ್ಣಾಂಶ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೂ ಸೇಬು, ಪೀಚ್ ಹೂಗಳು ಸಾಯತೊಡಗುತ್ತವೆ.

ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಈ ಹಿಮದಲ್ಲಿ ನೀರು ಹೆಚ್ಚು. ಮೂವತ್ತು ಸೆಂಟಿಮೀಟರ್ ಒಣ ಹಿಮ ಕರಗಿದರೆ ಸುಮಾರು ಎರಡು ಸೆಂಟಿಮೀಟರ್ ನೀರಾದೀತು. ಅಷ್ಟೇ ಎತ್ತರದ ಒದ್ದೆ ಹಿಮದಲ್ಲಿ ಐದು ಸೆಂಟಿಮೀಟರ್ ಇರಬಹುದು. ಮನೆಯ ಮುಂದಿನ ಮೂವತ್ತು ಚದರ ಮೀಟರ್ ಜಾಗದಲ್ಲಿ ಅದು ಒಂದೂವರೆ ಟನ್ ಭಾರ!

ಈ ಲೆಕ್ಕ ನಾನು ಮಾಡಿದ್ದು ತಡವಾಗಿ. ನಿವೃತ್ತನಾದ ಮರುವರ್ಷದ ಏಪ್ರಿಲ್‌ನಲ್ಲಿ, "ಹೊರಗೆ ಅಂಥ ಚಳಿಯೇನಿಲ್ಲ" ಎಂದು ಸಲಿಕೆ ಹಿಡಿದೆ. ಅರ್ಧ ದಾರಿಯಲ್ಲಿ ಎದೆ ಬಿಗಿಯಿತು. ಅಜೀರ್ಣವಿರಬೇಕೆಂದು ಇನ್ನೂ ಹತ್ತು ನಿಮಿಷ ಕೆಲಸ ಮಾಡಿದೆ. ಬೇರೆಯವರಾಗಿದ್ದರೆ ಬೈಯುತ್ತಿದ್ದೆ. ಆಂಬುಲೆನ್ಸ್ ಕರೆಸಿದವಳು ಹೆಂಡತಿ. ಇಂದು ನನ್ನ ಹೃದಯದಲ್ಲಿ ಒಂದು ಸ್ಟೆಂಟ್ ಇದೆ.

ತಂಪು ಗಾಳಿಗೆ ರಕ್ತನಾಳಗಳು ಕುಗ್ಗುತ್ತವೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಜಿಗಿಯುತ್ತದೆ. ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾದಾಗಲೇ ಪೂರೈಕೆ ಕಡಿಮೆಯಾಗುತ್ತದೆ. ದಕ್ಷಿಣ ಏಷ್ಯಾ ಮೂಲದ ನಮ್ಮಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಬೇಗನೆ ಕಾಣಿಸಿಕೊಳ್ಳುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಹಿಮವನ್ನು ಎತ್ತಬೇಡಿ, ತಳ್ಳಿ. ಸ್ವಲ್ಪಸ್ವಲ್ಪವೇ ತೆಗೆಯಿರಿ, ನಡುವೆ ಒಳಗೆ ಬಂದು ಕುಳಿತುಕೊಳ್ಳಿ. ಹೃದ್ರೋಗ ಇರುವವರು ಸಲಿಕೆ ಮುಟ್ಟಲೇಬಾರದು. ಎದೆ, ದವಡೆ, ತೋಳು ಬಿಗಿದರೆ ಕೂಡಲೇ 911ಕ್ಕೆ ಕರೆ ಮಾಡಿ. ವಸಂತದ ಹಿಮ ಬಿಸಿಲು ಬಂದರೆ ಎರಡು ದಿನದಲ್ಲಿ ತಾನಾಗಿಯೇ ಕರಗುತ್ತದೆ. ಕಾಯುವುದರಲ್ಲಿ ಸೋಲೇನೂ ಇಲ್ಲ.