ಗೆಣಸಿನ ಮಾರಾಟಕ್ಕೊಂದು ಪೂರ್ವಯೋಜನೆ

ಬಿತ್ತುವ ಮೊದಲು ಭೂಮಿಯನ್ನು ಹದಗೊಳಿಸುವಂತೆಯೇ, ಮಾರುವ ಮೊದಲು ಪೇಟೆಯ ಸ್ಥಿತಿಯನ್ನು ಅರಿಯುವುದೂ ಒಕ್ಕಲುತನದ ಒಂದು ಅಂಗವಾಗಿದೆ. ಬೆಳಗಾವಿ, ಖಾನಾಪುರ ತಾಲೂಕುಗಳ ಗೆಣಸಿನ ಬೆಳೆಯು ಇದಕ್ಕೆ ತಕ್ಕ ನಿದರ್ಶನವು.

ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನೊಳಗೊಂಡ ಖಾನಾಪುರ ಸೀಮೆಯು ಮಳೆಗೆ ಹೆಸರಾದುದು. ನೀರು ನಿಲ್ಲದ ಹೊಲಗಳಲ್ಲಿ ಒಕ್ಕಲಿಗರೆಲ್ಲರೂ ಒಂದೇ ಮಳೆಗೆ ಗೆಣಸಿನ ಬಳ್ಳಿಯನ್ನು ನೆಡುವರು. ಆದಕಾರಣ ಸುಮಾರು ನಾಲ್ಕು ತಿಂಗಳ ತರುವಾಯ ಎಲ್ಲರ ಮಾಲೂ ಒಮ್ಮೆಲೇ ಬೆಳಗಾವಿಯ ಪೇಟೆಗೆ ಬಂದು ಧಾರಣೆಯು ಇಳಿಯುವುದು. ಧಾರಣೆ ಏರಲೆಂದು ಗೆಡ್ಡೆಯನ್ನು ನೆಲದಲ್ಲಿಯೇ ಬಿಟ್ಟರೆ ಮೂತಿಹುಳುವಿಗೆ ಆಹಾರವಾಗುವುದು.

ಧಾರಣೆ ಇಳಿದಾಗ ಖರ್ಚು ಇಳಿಯುವುದಿಲ್ಲವೆಂಬುದನ್ನು ಲಕ್ಷ್ಯದಲ್ಲಿಡತಕ್ಕದ್ದು. ಉದಾಹರಣೆಗಾಗಿ, ಕ್ವಿಂಟಲಿಗೆ 1,200 ರೂಪಾಯಿ ಬಂದು, ಚೀಲ, ಬಾಡಿಗೆ, ಹಮಾಲಿಗಳಿಗೆ 200 ರೂಪಾಯಿ ಹೋದರೆ 1,000 ಉಳಿಯುವುದು. ಧಾರಣೆಯು 700ಕ್ಕೆ ಇಳಿದರೆ ಉಳಿಯುವುದು 500 ಮಾತ್ರ. ಧಾರಣೆಯು ಅರ್ಧಕ್ಕಿಂತ ಕಡಿಮೆ ಇಳಿದರೂ ಕೈಗೆ ಬರುವ ಹಣವು ಅರ್ಧಕ್ಕೆ ಇಳಿಯಿತು. ಇನ್ನು ಅಡತಿಯವರಿಂದ ಮುಂಗಡ ಪಡೆದವನಿಗೆ ಬೇರೆಡೆ ಮಾರುವ ಸ್ವಾತಂತ್ರ್ಯವೂ ಉಳಿಯದು.

ಆದುದರಿಂದ ನಾಟಿಗೆ ಮುಂಚೆಯೇ ಮಾರಾಟದ ಹಂಚಿಕೆಯನ್ನು ಹಾಕತಕ್ಕದ್ದು.

ಮೊದಲನೆಯದು ಕಾಲ. ಹೊಲದ ಒಂದು ಪಾಲಿನಲ್ಲಿ ಬೇಗ ಬಲಿಯುವ ತಳಿಯನ್ನು ನೆಟ್ಟರೆ ಕೀಳುವ ಕಾಲವು ಹಂಚಿಹೋಗುವುದು. ತಿರುವನಂತಪುರದಲ್ಲಿ 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಶ್ರೀಭದ್ರ’ ತಳಿಯು ಸುಮಾರು 90 ದಿನಗಳಲ್ಲಿ ಕೀಳಲು ಬರುವುದು. ಮೊದಲು ಒಂದೆರಡು ಗುಂಟೆಯಲ್ಲಿ ಪರೀಕ್ಷಿಸುವುದು ಕ್ಷೇಮ.

ಎರಡನೆಯದು ಗಿರಾಕಿ. ಏಕಾದಶಿ, ಶಿವರಾತ್ರಿಗಳ ಉಪವಾಸಕ್ಕೆ ಗೆಣಸು ಬೇಕೇ ಬೇಕು. ಅಂತಹ ದಿನಗಳನ್ನು ಪಂಚಾಂಗದಲ್ಲಿ ನೋಡಿ, ದೂರದ ಪಟ್ಟಣಗಳಿಗೆ ಕಳಿಸುವ ವ್ಯಾಪಾರಿಗಳನ್ನು ಮುಂಚಿತವಾಗಿ ವಿಚಾರಿಸಬೇಕು.

ಮೂರನೆಯದು ಜೋಪಾನ. ಕಿತ್ತ ಗೆಡ್ಡೆಯನ್ನು ತೊಳೆಯಬಾರದು. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣಮಾನದ, ತೇವವುಳ್ಳ ಗಾಳಿಯಲ್ಲಿ 4ರಿಂದ 7 ದಿನ ಇಟ್ಟರೆ ಸಿಪ್ಪೆಯ ಗಾಯಗಳು ಮಾಯುವುವು, ಕೊಳೆಯುವುದು ಕಡಿಮೆಯಾಗುವುದು. ಅನಂತರ ತುಂಡಾದುದನ್ನೂ ಹುಳುಕನ್ನೂ ತೆಗೆದು, ದಪ್ಪ ಸಣ್ಣವನ್ನು ಬೇರ್ಪಡಿಸಬೇಕು. ಬೆರಕೆಯ ಚೀಲಕ್ಕೆ ಕೀಳು ಗೆಡ್ಡೆಯ ಬೆಲೆಯೇ ಕಟ್ಟಲ್ಪಡುವುದು.

ನಾಲ್ಕನೆಯದು ಒಗ್ಗಟ್ಟು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಸಾಲಕ್ಕಾಗಿ ಕಟ್ಟಿದ ಸಹಕಾರವನ್ನು ಮಾರಾಟಕ್ಕೂ ಅನ್ವಯಿಸಬಹುದು. ಹತ್ತು ಮನೆಯವರು ಕೂಡಿ ಒಂದು ಲಾರಿ ಹಿಡಿದರೆ ಬಾಡಿಗೆಯೂ ಹಗುರ, ಮಾತಿಗೂ ತೂಕ.

ಬೆಳೆಯು ಮಳೆಯ ಅಧೀನ. ಮಾರಾಟವು ಬಹುಮಟ್ಟಿಗೆ ಒಕ್ಕಲಿಗನ ವಿವೇಕದ ಅಧೀನ.